ಕೂರದ ಮಗು

ಹಳೇಬೀಡು
೮ ಜುಲೈ ೨೦೦೧

ಅಮ್ಮನಿಗೆ,

ಇಷ್ಟು ದಪ್ಪದ ಲಕೋಟೆ ನೋಡಿ ಗಾಬರಿ ಬೀಳಬೇಡ. ನನಗೆ ಜ್ವರ ಬಂದಿಲ್ಲ, ಕೆಲಸವೂ ಹೋಗಿಲ್ಲ. ತಲುಪಿದೆ, ಊಟ ಆಗುತ್ತಿದೆ ಎಂದು ಕಾರ್ಡು ಹಾಕಿ ಕೈತೊಳೆದುಕೊಳ್ಳುವವಳು ನಾನು. ಆದ್ದರಿಂದ ಇದನ್ನು ಮಗಳ ಕಾಗದ ಎಂದುಕೊಳ್ಳಬೇಡ. ಎಲ್‌ಕೆಜಿ ಟೀಚರೊಬ್ಬಳು ಹದಿನೆಂಟು ವರ್ಷ ಅಂಗನವಾಡಿ ನಡೆಸಿದ ಟೀಚರನ್ನು ಒಂದು ಮಾತು ಕೇಳುತ್ತಿದ್ದಾಳೆ ಎಂದುಕೋ.

ಈ ಕಾನ್ವೆಂಟಿಗೆ ಸೇರಿ ಒಂದು ತಿಂಗಳಾಯಿತು. ನನ್ನ ಕ್ಲಾಸಿನಲ್ಲಿ ಮೂವತ್ತನಾಲ್ಕು ಮಕ್ಕಳು, ಎಲ್ಲವೂ ನಾಲ್ಕು ವರ್ಷದವು. ಬೆಳಿಗ್ಗೆ ಒಂಬತ್ತೂವರೆಯಿಂದ ಮೂರೂವರೆಯವರೆಗೆ ಕೈ ಕಟ್ಟಿ, ಬಾಯಿ ಮೇಲೆ ಬೆರಳಿಟ್ಟು ಬೆಂಚಿನ ಮೇಲೆ ಕೂರಬೇಕು. ದಸರಾ ರಜಕ್ಕೆ ಮುಂಚೆ ಒಂದರಿಂದ ನೂರು ಬರೆಯಬೇಕು. ಪೆನ್ಸಿಲ್ ಹಿಡಿದರೆ ಬೆರಳ ತುದಿ ಬೆಳ್ಳಗಾಗುವಷ್ಟು ಎಳಸು ಕೈಗಳು. ಸಂಜೆ ಅವರಪ್ಪಂದಿರು ಗೇಟಿನ ಹತ್ತಿರ ನಿಂತು, ‘ಹೋಂವರ್ಕ್ ಜಾಸ್ತಿ ಕೊಡಿ ಮಿಸ್, ಮನೇಲಿ ಬರೀ ಆಟ ಆಡ್ತವೆ’ ಅನ್ನುತ್ತಾರೆ. ಆಡದೆ ಇನ್ನೇನು ಹೊಲ ಉಳಬೇಕಿತ್ತೇ ಅವು?

ಅದರಲ್ಲಿ ಗಾನವಿ ಎಂಬುವಳಿದ್ದಾಳೆ. ಅಪ್ಪ ಅಮ್ಮ ಹಾಸನದಲ್ಲಿ ಕೆಲಸಕ್ಕಿದ್ದಾರೆ, ಮಗು ಇಲ್ಲಿ ಅಜ್ಜಿ ಮುದ್ದಮ್ಮನ ಹತ್ತಿರ ಬೆಳೆಯುತ್ತಿದೆ. ಇವಳು ಕೂರುವುದಿಲ್ಲ. ಎರಡು ನಿಮಿಷಕ್ಕೆ ಎದ್ದು ಕಿಟಕಿ, ಅಲ್ಲಿಂದ ಬಾಗಿಲು, ಅಲ್ಲಿಂದ ಆಯಾ ಗುಡಿಸುತ್ತಿದ್ದ ಪೊರಕೆ. ಬೇರೆ ಮಕ್ಕಳ ಟಿಫನ್ ಡಬ್ಬಿ ತೆಗೆದು ಮೂಸಿ ನೋಡಿ ಮುಚ್ಚಿಡುತ್ತಾಳೆ. ಕೆಟ್ಟವಳಲ್ಲ, ಕದಿಯುವುದಿಲ್ಲ, ಹೊಡೆಯುವುದಿಲ್ಲ. ಸುಮ್ಮನೆ ಒಂದು ಕಡೆ ನಿಲ್ಲುವುದಿಲ್ಲ, ಅಷ್ಟೆ.

ನಮ್ಮ ಸೆಕ್ರೆಟರಿ ರೇವಣಸಿದ್ದಪ್ಪನವರು ಮೊನ್ನೆ ಬಾಗಿಲಲ್ಲಿ ನಿಂತು ನೋಡಿ, ‘ಡಿಸೆಂಬರ್ ತನಕ ಟೈಮು ಕೊಡ್ತೀನಿ ಮಿಸ್. ಆಮೇಲೂ ಹಿಂಗೇ ಇದ್ರೆ ಟೀಸಿ ಕೊಟ್ಟು ಕಳಿಸಿಬಿಡೋಣ. ಮಂದಬುದ್ಧಿ ಮಕ್ಕಳಿಗೆ ನಮ್ಮ ಸ್ಕೂಲು ಹೊಂದಲ್ಲ’ ಎಂದರು. ಮಗುವಿನ ಎದುರಿಗೇ ಹೇಳಿದರು.

ಗಾನವಿಯನ್ನು ಕಳಿಸಲು ನಾನು ಬಿಡುವುದಿಲ್ಲ. ಯಾಕೆಂದು ನಿನಗೆ ವಿವರಿಸಬೇಕಾಗಿಲ್ಲ.

ನಿನ್ನ ಅಂಗನವಾಡಿಯ ಮಕ್ಕಳು ಹೊಡೆತವಿಲ್ಲದೆ, ಗದರಿಕೆಯಿಲ್ಲದೆ ಕೂರುವುದನ್ನು ರಜಕ್ಕೆ ಬಂದಾಗಲೆಲ್ಲ ಬಾಗಿಲಾಚೆ ನಿಂತು ನೋಡಿದ್ದೇನೆ. ಅದು ಹೇಗೆ ಎಂದು ಬರೆ.

ಭವ್ಯಾ


ಗಂಡಸಿ
೧೯ ಜುಲೈ ೨೦೦೧

ಭವ್ಯಾ ಟೀಚರ್ ಅವರಿಗೆ,

ಕಾಗದ ಬಂತು. ಟೀಚರಾಗಿ ಕೇಳಿದ್ದೀಯ, ಟೀಚರಾಗಿಯೇ ಹೇಳುತ್ತೇನೆ. ನಿಮ್ಮಪ್ಪ ಪಕ್ಕದಲ್ಲಿ ಕೂತು ತೆಂಗಿನಗರಿ ಸೀಳುತ್ತಾ, ‘ಮಗಳು ಏನು ಬರ್ದವಳೆ’ ಎಂದು ನಾಲ್ಕು ಸಲ ಕೇಳಿದರು. ಇಲಾಖೆ ವಿಷಯ ಎಂದೆ.

ಮೊದಲು ಆ ಬಾಯಿ ಮೇಲಿನ ಬೆರಳು ತೆಗೆಸು. ಕೈಕಾಲು ಅಳ್ಳಾಡದಂತೆ ಕೂತ ಮಗು ಗಮನವಿಟ್ಟು ಕೇಳುತ್ತಿದೆ ಎಂದು ದೊಡ್ಡವರು ತಿಳಿಯುತ್ತಾರೆ. ಅದು ಯಾವಾಗ ಬಿಡುತ್ತಾರೋ ಎಂದು ಕಾಯುತ್ತಿರುತ್ತದೆ, ಬೇರೇನಿಲ್ಲ.

ಒಂದು ಕಂಚಿನ ತಟ್ಟೆಯನ್ನು ದಾರದಲ್ಲಿ ತೂಗುಹಾಕು. ಚಾಪೆ ಮೇಲೆ ಮಕ್ಕಳನ್ನು ಹೇಗೆ ಬೇಕೋ ಹಾಗೆ ಕೂರಿಸಿ ಕಣ್ಣು ಮುಚ್ಚಿಸು. ಒಂದೇ ಏಟು ಹೊಡಿ. ಗುಂಯ್ ಎನ್ನುವುದು ಯಾರ ಕಿವಿಗೆ ಯಾವಾಗ ನಿಲ್ಲುತ್ತದೋ ಅವರು ಆಗ ಕೈ ಎತ್ತಬೇಕು. ಬೇಗ ಎತ್ತಿದವರು ಸೋತರು ಎನ್ನಬೇಡ. ಆಟ ಪಂದ್ಯವಾಯಿತೋ, ಕೆಟ್ಟಿತು.

ಒಂದೇ ಒಂದು ಹುರಿಗಡಲೆ ಕೊಡು. ಮೊದಲು ನೋಡಬೇಕು, ಆಮೇಲೆ ಮೂಸಬೇಕು, ನಾಲಿಗೆ ಮೇಲಿಟ್ಟುಕೊಂಡು ಸುಮ್ಮನಿರಬೇಕು, ಕೊನೆಗೆ ಅಗಿಯಬೇಕು. ನಿನ್ನ ಗಾನವಿ ಡಬ್ಬಿ ಮೂಸುವವಳು, ಅವಳಿಗೆ ಇದು ಹಿಡಿಸುತ್ತದೆ. ಅಂಗಾತ ಮಲಗಿಸಿ ಹೊಟ್ಟೆ ಮೇಲೆ ಕಾಗದದ ದೋಣಿ ಇಟ್ಟು, ಉಸಿರಿಗೆ ಅದು ಏಳುವುದು ಇಳಿಯುವುದು ನೋಡಿಸು. ಇವೆಲ್ಲ ಪಳಗಿದ ಮೇಲೆ ಲೋಟದ ತುಂಬ ನೀರು ಕೊಟ್ಟು, ಚೆಲ್ಲದ ಹಾಗೆ ಗೋಡೆಯಿಂದ ಗೋಡೆಗೆ ನಡೆಸು.

ಒಂದು ಮಾತು ನೆನಪಿಟ್ಟುಕೋ. ಮಗುವಿನ ಮನಸ್ಸು ಆಚೆ ಹೋಗುತ್ತದೆ. ಹೋಗುವುದು ತಪ್ಪಲ್ಲ, ನಿನ್ನದೂ ಹೋಗುತ್ತದೆ, ನನ್ನದೂ ಹೋಗುತ್ತದೆ. ಹೋದದ್ದು ತಾನಾಗಿ ವಾಪಸು ಬರುವುದನ್ನು ಕಲಿಸಬೇಕು. ಬೈದರೆ ಇನ್ನೂ ದೂರ ಹೋಗುತ್ತದೆ.

ನಾನು ಇದನ್ನು ಟ್ರೈನಿಂಗಿನಲ್ಲಿ ಕಲಿತದ್ದಲ್ಲ. ರಿಜಿಸ್ಟರಿನಲ್ಲಿ ‘ಕಥೆ, ಹಾಡು’ ಎಂದು ಬರೆದು ಇದನ್ನು ಮಾಡಿಸುತ್ತೇನೆ. ಎಲ್ಲಿ ಕಲಿತೆ ಎಂದು ಮಾತ್ರ ಕೇಳಬೇಡ.

ಸುವರ್ಣಮ್ಮ


ಹಳೇಬೀಡು
೨ ಸೆಪ್ಟೆಂಬರ್ ೨೦೦೧

ಅಮ್ಮ,

ಕೇಳಬೇಡ ಎಂದೆ, ಕೇಳುವುದಿಲ್ಲ.

ಮೊದಲ ದಿನ ನನ್ನ ಮಾನ ಹೋಯಿತು. ಬೇಲೂರಿನ ಅಜ್ಜಿ ಕೊಟ್ಟ ಕಂಚಿನ ತಟ್ಟೆಯನ್ನು ಕಿಟಕಿಗೆ ಕಟ್ಟಿ ಬಾರಿಸಿದೆ. ಮೂವತ್ತನಾಲ್ಕು ಮಕ್ಕಳೂ ಬೆಲ್ಲಾಯಿತೆಂದು ಬ್ಯಾಗು ಏರಿಸಿಕೊಂಡು ಗೇಟಿನವರೆಗೆ ಓಡಿದವು. ಹುರಿಗಡಲೆ ಕೊಟ್ಟರೆ ಇಬ್ಬರು ಮೂಗಿನೊಳಗೆ ಹಾಕಿಕೊಂಡರು. ಲೋಟದ ದಿನ ಕ್ಲಾಸೆಲ್ಲ ಗದ್ದೆಯಾಗಿ, ಆಯಾ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು. ನೀನು ಇದ್ಯಾವುದನ್ನೂ ಬರೆದಿರಲಿಲ್ಲ. ಬೇಕೆಂದೇ ಬಿಟ್ಟೆ ಎಂದು ನನ್ನ ಅನುಮಾನ.

ನಾನು ಬಿಡಲಿಲ್ಲ. ಬೆಳಿಗ್ಗೆ ಪ್ರೇಯರ್ ಆದ ಮೇಲೆ ಹತ್ತು ನಿಮಿಷ, ಊಟದ ನಂತರ ಹತ್ತು ನಿಮಿಷ. ಈಗ ಆರು ವಾರವಾಯಿತು. ತಟ್ಟೆ ಬಾರಿಸಿದರೆ ಕೊನೆಗೆ ಕೈ ಎತ್ತುವವಳು ಗಾನವಿ. ಬೇರೆಯವರೆಲ್ಲ ಎತ್ತಿ ಇಳಿಸಿದ ಮೇಲೂ ಅವಳು ಕೂತಿರುತ್ತಾಳೆ. ‘ಇನ್ನೂ ಐತೆ ಮಿಸ್, ಸಣ್ಣಕೆ ಐತೆ’ ಅನ್ನುತ್ತಾಳೆ. ನನಗೆ ಕೇಳುವುದಿಲ್ಲ, ಅವಳಿಗೆ ಕೇಳುತ್ತದೆ. ನಿನ್ನೆ ಗಡಿಯಾರ ನೋಡಿದೆ, ದೋಣಿ ಇಟ್ಟುಕೊಂಡು ಏಳು ನಿಮಿಷ ಮಲಗಿದ್ದಳು. ಮಧ್ಯೆ ಒಮ್ಮೆ ಕಣ್ಣು ಕಿಟಕಿ ಕಡೆ ಹೋಯಿತು, ನಾನು ಸುಮ್ಮನಿದ್ದೆ, ತಾನೇ ದೋಣಿಗೆ ಬಂದಳು. ಅಮ್ಮ, ನನಗೆ ಕುಣಿಯಬೇಕೆನ್ನಿಸಿತು.

ಅಕ್ಷರ ಮಾತ್ರ ಇನ್ನೂ ಎಂಟೇ ಬರುತ್ತವೆ. ಸೆಕ್ರೆಟರಿ ಎಣಿಸುವುದು ಅದನ್ನೇ. ಇರಲಿ, ಡಿಸೆಂಬರ್ ದೂರವಿದೆ.

ಭವ್ಯಾ


ಗಂಡಸಿ
೧೧ ಸೆಪ್ಟೆಂಬರ್ ೨೦೦೧

ಭವ್ಯಾ,

ಕಾರ್ಡಿನಲ್ಲಿ ಜಾಗ ಕಡಿಮೆ. ಮೂಗಿನ ಹುರಿಗಡಲೆ ನನಗೂ ಆಗಿತ್ತು, ಹೇಳಿದ್ದರೆ ನೀನು ಶುರುವೇ ಮಾಡುತ್ತಿರಲಿಲ್ಲ. ಏಳು ನಿಮಿಷ ಬಹಳ ಆಯಿತು, ನನ್ನ ಮಕ್ಕಳು ಐದಕ್ಕೇ ಏಳುತ್ತವೆ. ಗಾನವಿಯನ್ನು ಎಲ್ಲರೆದುರು ಹೊಗಳಬೇಡ, ಹೊಗಳಿದರೆ ನಿನಗಾಗಿ ಕೂರುತ್ತಾಳೆ. ಮೇಲಿನವರು ಕೇಳಿದರೆ ಪಾಠ ಮಾಡುತ್ತಿದ್ದೇನೆ ಎಂದಷ್ಟೇ ಹೇಳು. ಜಗಳ ಮಾಡಿಕೊಳ್ಳಬೇಡ.

ಸುವರ್ಣಮ್ಮ


ಹಳೇಬೀಡು
೧೧ ನವೆಂಬರ್ ೨೦೦೧

ಅಮ್ಮ,

ಜಗಳ ತಾನಾಗಿಯೇ ಹುಡುಕಿಕೊಂಡು ಬಂತು. ನಿಧಾನವಾಗಿ ಓದು, ನಗು ಬಂದರೆ ನಕ್ಕುಬಿಡು. ನಾನೂ ಮೊದಲು ನಕ್ಕೆ.

ಕಳೆದ ಮಂಗಳವಾರ ಸಂಜೆ ಗಾನವಿ ಮನೆಯ ಹೊಸ್ತಿಲ ಮೇಲೆ ಕೂತು ಕಣ್ಣು ಮುಚ್ಚಿದ್ದಾಳೆ. ತಟ್ಟೆಯಿಲ್ಲ, ಇವಳೇ ಬೀದಿಯ ಶಬ್ದ ಕೇಳಿಸಿಕೊಳ್ಳುತ್ತಿದ್ದಾಳೆ. ಮುದ್ದಮ್ಮ ಹಿತ್ತಲಿಂದ ಬಂದು ನೋಡುತ್ತಾರೆ, ಒಂದು ಗಳಿಗೆ ನಿಲ್ಲದ ಮೊಮ್ಮಗಳು ಕಲ್ಲಿನ ಹಾಗೆ ಕೂತಿದ್ದಾಳೆ. ಕೂಗಿದರೆ ಮಾತಿಲ್ಲ, ಕೈ ಮಾತ್ರ ‘ತಡಿ’ ಎನ್ನುವ ಹಾಗೆ ಮೇಲೆತ್ತಿದಳಂತೆ. ಮಂಗಳವಾರ ಬೇರೆ. ದೇವರು ಬಂದಿದೆ ಎಂದು ಮುದ್ದಮ್ಮ ಅಲ್ಲೇ ನಿರ್ಧಾರ ಮಾಡಿಬಿಟ್ಟರು.

ಕರ್ಪೂರ ಹಚ್ಚಿದರು. ‘ಯಾವ ತಾಯವ್ವ ನೀನು? ಏನು ಬೇಕು ಕೇಳು’ ಅಂದರು. ಗಾನವಿ ಕಣ್ಣು ಬಿಡದೆ, ‘ಹುರ್ಗಡ್ಲೆ’ ಅಂದಳು. ಇವರು ಒಂದು ಸೇರು ತಂದು ಮೊರದಲ್ಲಿಟ್ಟರು. ‘ಒಂದೇ ಸಾಕು’ ಅಂದಿತು ದೇವರು. ಅಷ್ಟರಲ್ಲಿ ಬೀದಿಯವರೆಲ್ಲ ಸೇರಿದ್ದಾರೆ. ಇಪ್ಪತ್ತು ಜನ ಕೈ ಮುಗಿದು ನಿಂತಿದ್ದಾರೆ, ಇವಳು ಒಂದು ಹುರಿಗಡಲೆಯನ್ನು ಐದು ನಿಮಿಷ ಮೂಸಿ, ನಾಲಿಗೆ ಮೇಲಿಟ್ಟುಕೊಂಡು, ನಾನು ಹೇಳಿಕೊಟ್ಟ ಹಾಗೇ ತಿಂದಿದ್ದಾಳೆ. ಒಬ್ಬರು ಕಳೆದುಹೋದ ಎಮ್ಮೆ ಎಲ್ಲಿದೆ ಎಂದು ಕೇಳಿದರಂತೆ. ಕಣ್ಣುಬಿಟ್ಟು, ‘ನಂಗೊತ್ತಿಲ್ಲ, ಭವ್ಯಾ ಮಿಸ್ಸನ್ನ ಕೇಳಿ’ ಅಂದಳಂತೆ.

ಬುಧವಾರ ಬೆಳಿಗ್ಗೆ ಕಾನ್ವೆಂಟಿನ ಗೇಟಿನಲ್ಲಿ ಎರಡು ಗುಂಪು. ಮಕ್ಕಳ ಮೈಮೇಲೆ ದೇವರು ಬರಿಸುವ ಶಾಲೆ ಬೇಡ ಎಂದು ಮೂರು ಮನೆಯವರು. ನಮ್ಮ ಮಗನಿಗೂ ಬರಿಸಿಕೊಡಿ, ಹಟ ಜಾಸ್ತಿಯಾಗಿದೆ ಎಂದು ಇಬ್ಬರು. ಮುದ್ದಮ್ಮ ನನಗೆ ತೆಂಗಿನಕಾಯಿ, ಬಾಳೆಹಣ್ಣು ತಂದಿದ್ದರು.

ಸೆಕ್ರೆಟರಿ ನಗಲಿಲ್ಲ. ಶುಕ್ರವಾರ ನನ್ನ ಕೈಗೆ ನೋಟಿಸು ಕೊಟ್ಟರು. ಪಾಠದ ವೇಳೆಯಲ್ಲಿ ಮಕ್ಕಳ ಕಣ್ಣು ಮುಚ್ಚಿಸಿದ್ದು, ಅನುಮತಿಯಿಲ್ಲದೆ ತಿನ್ನಲು ಕೊಟ್ಟದ್ದು, ಸಂಸ್ಥೆಯ ಹೆಸರು ಕೆಡಿಸಿದ್ದು, ಇವೆಲ್ಲ ತಪ್ಪಾಯಿತು, ಇನ್ನು ಮುಂದೆ ಬರೀ ಅಕ್ಷರಾಭ್ಯಾಸ ಮಾಡಿಸುತ್ತೇನೆ ಎಂದು ಬರೆದುಕೊಡಬೇಕು. ಗಾನವಿಗೆ ಟೀಸಿ ಸಿದ್ಧವಾಗಿದೆ. ಡಿಸೆಂಬರ್ ಹದಿನೈದಕ್ಕೆ ಪೋಷಕರ ಸಭೆ, ಅವತ್ತು ಎಲ್ಲರೆದುರು ಕೊಡುತ್ತಾರಂತೆ.

‘ಮಗು ಈಗ ಕೂರುತ್ತೆ ಸಾರ್’ ಎಂದೆ. ‘ಕೂತು ಏನು ಬರೀತು?’ ಅಂದರು. ಹನ್ನೊಂದು ಅಕ್ಷರ ಸಾರ್ ಎಂದರೆ ಮುಖ ತಿರುಗಿಸಿದರು.

ನೀನಾಗಿದ್ದರೆ ಏನು ಮಾಡುತ್ತಿದ್ದೆ?

ಭವ್ಯಾ


ಗಂಡಸಿ
೧೯ ನವೆಂಬರ್ ೨೦೦೧

ಭವ್ಯಾ,

ನಾನಾಗಿದ್ದರೆ ಬರೆದುಕೊಡುತ್ತಿದ್ದೆ.

ಸಿಟ್ಟು ಮಾಡಿಕೊಳ್ಳದೆ ಕೇಳು. ಒಂದು ಹಾಳೆಯಲ್ಲಿ ತಪ್ಪಾಯಿತು ಎಂದರೆ ಏನೂ ಕಳೆದುಹೋಗುವುದಿಲ್ಲ. ಬರೆದುಕೊಟ್ಟು, ಬಾಗಿಲು ಹಾಕಿಕೊಂಡು ನಿನ್ನ ಆಟ ನೀನು ಆಡಿಸು. ಹದಿನೆಂಟು ವರ್ಷ ನಾನು ಮಾಡಿರುವುದು ಅದೇ. ಸೂಪರ್‌ವೈಜರ್ ಬಂದರೆ ಹಾಡು, ಹೋದರೆ ತಟ್ಟೆ. ಗಾನವಿಯನ್ನು ಕಳಿಸಿದರೆ ಅವಳ ಅಜ್ಜಿ ಪಕ್ಕದ ಅಂಗನವಾಡಿಗೆ ಹಾಕುತ್ತಾರೆ. ಒಂದು ಮಗುವಿಗಾಗಿ ಮೂವತ್ತಮೂರು ಮಕ್ಕಳ ಟೀಚರನ್ನು ಕಳೆಯಬೇಡ. ನಿನಗೆ ಈ ಕೆಲಸ ಸಿಕ್ಕಿದ್ದೇ ಕಷ್ಟದಲ್ಲಿ.

ಮಗು ಎಲ್ಲಿದ್ದರೂ ಬೆಳೆಯುತ್ತದೆ.

ಸುವರ್ಣಮ್ಮ


ಹಳೇಬೀಡು
೨೫ ನವೆಂಬರ್ ೨೦೦೧

ಅಮ್ಮ,

ಮಗು ಎಲ್ಲಿದ್ದರೂ ಬೆಳೆಯುತ್ತದೆ ಎಂದು ಬರೆಯಲು ನಿನಗೆ ಕೈ ಹೇಗೆ ಬಂತು?

ನಾನೂ ಬೆಳೆದೆ, ಬೇಲೂರಿನಲ್ಲಿ. ಅಜ್ಜಿ ಒಳ್ಳೆಯವಳು, ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ನಾಲ್ಕು ವರ್ಷದಿಂದ ಎಸ್ಸೆಸ್ಸೆಲ್ಸಿವರೆಗೆ ಅಲ್ಲೇ ಇದ್ದೆ. ಯಾರಾದರೂ ‘ನಿಮ್ಮಮ್ಮ ಎಲ್ಲಿ’ ಎಂದರೆ, ಗಂಡಸಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ ಅನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು. ಯಾಕೆ ನಗುತ್ತಾರೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಇಷ್ಟು ವರ್ಷ ಹೇಳದ ಮಾತು ಇವತ್ತು ಹೇಳುತ್ತೇನೆ. ನನಗೆ ನೆನಪಿದೆ. ಚಿಕ್ಕವಳು, ಮರೆತಿರುತ್ತಾಳೆ ಎಂದುಕೊಂಡಿದ್ದೀಯ. ಅಂಗನವಾಡಿಯ ಉಗ್ರಾಣದ ಕೋಣೆ, ಗೋಧಿ ಮೂಟೆ, ಅದರ ಹಿಂದಿನ ಕಿಟಕಿ ಸರಳು, ನಿನ್ನ ಹಸಿರು ಸೀರೆಯ ಹರಿದ ಅಂಚು. ಅದರಲ್ಲಿ ನನ್ನ ಬಲಗಾಲು ಕಟ್ಟಿದ್ದೆ. ಆಚೆ ನೀನು ಬೇರೆ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೆ. ನಾನು ಅತ್ತರೆ ಹಾಡು ಜೋರಾಗುತ್ತಿತ್ತು. ಅದಾಗಿ ತಿಂಗಳೊಳಗೆ ನನ್ನನ್ನು ಬೇಲೂರಿಗೆ ಬಿಟ್ಟು ಬಂದೆ. ಕೂರದ ಮಗು ನಾನೇ ಅಲ್ಲವೇ?

ಗಾನವಿಯ ವಿಷಯ ನಿನಗೆ ವಿವರಿಸಬೇಕಾಗಿಲ್ಲ ಎಂದು ಮೊದಲ ಕಾಗದದಲ್ಲಿ ಬರೆದದ್ದು ಇದಕ್ಕೇ. ನೀನಾಗಿದ್ದರೆ ಬರೆದುಕೊಡುತ್ತಿದ್ದೆ, ನನ್ನನ್ನು ಕಳಿಸಿಯೂ ಬಿಟ್ಟೆ. ನಾನು ಬರೆದುಕೊಡುವುದೂ ಇಲ್ಲ, ಕಳಿಸುವುದೂ ಇಲ್ಲ. ಸೆಕ್ರೆಟರಿಗೆ ಕೊಟ್ಟ ಉತ್ತರದ ನಕಲು ಇದರ ಜೊತೆಗಿದೆ. ಓದಿ ನಿನ್ನ ಇಲಾಖೆಯ ಫೈಲಿಗೆ ಹಾಕಿಕೋ.

ಭವ್ಯಾ

(ನಕಲು)

ಕಾರ್ಯದರ್ಶಿಯವರಿಗೆ,

ಮಾನ್ಯರೇ, ನಿಮ್ಮ ನೋಟಿಸು ತಲುಪಿದೆ. ಮಕ್ಕಳ ಕಣ್ಣು ಮುಚ್ಚಿಸಿದ್ದು ನಿಜ. ಕಿವಿ ತೆರೆಯಲಿ ಎಂದು ಮುಚ್ಚಿಸಿದೆ. ತಿನ್ನಲು ಕೊಟ್ಟದ್ದು ನಿಜ, ತಲೆಗೊಂದು ಹುರಿಗಡಲೆ. ದೇವರು ಬರಿಸಿದ್ದು ಮಾತ್ರ ನಾನಲ್ಲ. ಜೂನ್ ತಿಂಗಳಲ್ಲಿ ಎರಡು ನಿಮಿಷ ಕೂರದಿದ್ದ ಗಾನವಿ ಈಗ ಹತ್ತು ನಿಮಿಷ ಒಂದೇ ಕೆಲಸದಲ್ಲಿರುತ್ತಾಳೆ. ದಿನದಿನದ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ, ನೋಡಬಹುದು. ಆ ಹತ್ತು ನಿಮಿಷದೊಳಗೆ ಅಕ್ಷರ ತಾನಾಗಿ ಬರುತ್ತದೆ, ಬರುತ್ತಲೂ ಇದೆ. ತಪ್ಪು ಮಾಡಿಲ್ಲವಾದ್ದರಿಂದ ತಪ್ಪೊಪ್ಪಿಗೆ ಬರೆಯಲಾರೆ. ಗಾನವಿಗೆ ಟೀಸಿ ಕೊಟ್ಟರೂ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ದಿನವೂ ಕರೆಯುತ್ತೇನೆ. ಅವಳು ಬಂದು ‘ಎಸ್ ಮಿಸ್’ ಅನ್ನುತ್ತಾಳೆ. ತಡೆಯುವುದಾದರೆ ಗೇಟಿನಲ್ಲಿ ನೀವೇ ನಿಂತು ತಡೆಯಬೇಕು.

ಇಂತು ತಮ್ಮ ವಿಧೇಯ ಅಲ್ಲದ,
ಭವ್ಯಾ ಸಿ.


ಗಂಡಸಿ
೧೬ ಡಿಸೆಂಬರ್ ೨೦೦೧

ಭವ್ಯಾ,

ಮೂರು ವಾರ ಉತ್ತರ ಬರೆಯಲಿಲ್ಲ. ಬರೆದು ಹರಿದದ್ದು ನಾಲ್ಕು. ಕೊನೆಗೆ ಹದಿನೆಂಟು ವರ್ಷದಲ್ಲಿ ಮೊದಲ ಸಲ ಹೇಳದೆ ಕೇಳದೆ ಅಂಗನವಾಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ಅರಸೀಕೆರೆಯಲ್ಲಿ ಇಳಿದು ಜಾವಗಲ್ ಮೇಲೆ ಹಳೇಬೀಡಿಗೆ ಬಂದೆ. ನಿನ್ನೆ ನಿಮ್ಮ ಪೋಷಕರ ಸಭೆಯಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದವಳು ನಾನೇ. ನಿನ್ನನ್ನು ಕ್ಲಾಸಿನಲ್ಲೇ ಇರಲು ಹೇಳಿದ್ದರಾದ್ದರಿಂದ ಒಳಗೆ ಏನಾಯಿತೆಂದು ನಾನೇ ಹೇಳುತ್ತೇನೆ. ಬೇರೆಯವರು ಉಪ್ಪು ಖಾರ ಹಚ್ಚಿ ಹೇಳಿರುತ್ತಾರೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಎಲೆಅಡಿಕೆ ಕೊಟ್ಟು, ‘ನಿಮ್ಮ ಕೂಸು ಯಾವ ಕ್ಲಾಸವ್ವ’ ಅಂದಳು. ಎಲ್‌ಕೆಜಿ ಅಂದೆ. ಮೊಮ್ಮಗುವೋ ಅಂದಳು. ಮಗಳು ಅಂದೆ. ನನ್ನ ನರೆಗೂದಲು ನೋಡಿ ಇನ್ನೊಂದು ಚೂರು ಅಡಿಕೆ ಕೊಟ್ಟಳು. ಅವಳೇ ಮುದ್ದಮ್ಮ ಎಂದು ಆಮೇಲೆ ತಿಳಿಯಿತು.

ನಿಮ್ಮ ಸೆಕ್ರೆಟರಿ ಶಿಸ್ತಿನ ಮೇಲೆ ಅರ್ಧ ಗಂಟೆ ಮಾತಾಡಿ, ಗಾನವಿಯ ಹೆಸರು ಹೇಳಿ, ಟೀಸಿ ಹಿಡಿದು ನಿಂತರು. ಮುದ್ದಮ್ಮ ಎದ್ದು, ‘ನಾನು ಈಸ್ಕಳ್ಳಾಕಿಲ್ಲ ಸಾಮಿ’ ಅಂದಳು. ‘ತಗೊಳ್ಳಲೇಬೇಕಮ್ಮ, ರೂಲ್ಸು’ ಅಂದರು. ‘ನನ್ನ ಕೈ ನನ್ನದು, ನೀಡಾಕಿಲ್ಲ’ ಎಂದು ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅಷ್ಟು ಸುಲಭದ ಕೆಲಸ ನನಗೆ ಯಾಕೆ ಹೊಳೆದಿರಲಿಲ್ಲ ಎಂದು ನೋಡುತ್ತಾ ಕೂತೆ. ಯಾರೋ ಕಾಗದ ನೀಡಿದರೆ ನಾವು ಕೈ ಚಾಚಲೇಬೇಕೆಂದು ಎಲ್ಲಿಯೂ ಬರೆದಿಲ್ಲ.

ಆಗ ನಾನು ಎದ್ದೆ. ‘ಆ ಮಿಸ್ಸು ಏನು ಮಾಡಿಸ್ತಾರೆ ಅಂತ ನೀವು ನೋಡಿದ್ದೀರಾ ಸಾರ್’ ಎಂದೆ. ‘ನೋಡೋದೇನಿದೆ, ನೀರಾಟ’ ಅಂದರು. ಹಾಗಾದರೆ ಒಂದು ಸಲ ಆಡಿ ಎಂದು ಮೇಜಿನ ಮೇಲಿದ್ದ ಸ್ಟೀಲ್ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ ಕೈಗೆ ಕೊಟ್ಟೆ. ಅಲ್ಲಿಂದ ಬಾಗಿಲವರೆಗೆ ಚೆಲ್ಲದಂತೆ ನಡೆಯಬೇಕು. ಜನ ನೋಡುತ್ತಿದ್ದರಲ್ಲ, ಒಲ್ಲೆ ಎನ್ನಲಾಗಲಿಲ್ಲ. ಆರು ಹೆಜ್ಜೆ ಚೆನ್ನಾಗಿ ನಡೆದರು. ಆಫೀಸಿನ ಫೋನು ಹೊಡೆದುಕೊಂಡಿತು. ತಿರುಗಿದರು ನೋಡು, ಬಿಳಿ ಪ್ಯಾಂಟಿನ ಮುಂದೆಲ್ಲ ನೀರು. ಸಭೆಯಲ್ಲಿ ಯಾರೂ ನಗಲಿಲ್ಲ, ಆದರೆ ಎಲ್ಲರೂ ಕೆಮ್ಮಿದರು.

ಗಾನವಿಯನ್ನು ಕರೆಸಿ ಎಂದೆ. ಆಯಾ ಬಂದು ನಿನ್ನ ಕ್ಲಾಸಿನಿಂದ ಕರೆದುಕೊಂಡು ಹೋದದ್ದು ಇದಕ್ಕೇ.

ಮಗು ಅಷ್ಟು ಜನರ ನಡುವೆ ಲೋಟ ಹಿಡಿದು ಹೊರಟಿತು. ಅರ್ಧ ದಾರಿಗೆ ಹೊರಗೆ ಟೂರಿಸ್ಟ್ ಬಸ್ಸು ಹಾರನ್ ಹಾಕಿತು, ಚೆಲ್ಲಿತು. ಸೆಕ್ರೆಟರಿ ‘ನೋಡಿದ್ರಾ’ ಅಂದರು. ಗಾನವಿ ಯಾರ ಮುಖವನ್ನೂ ನೋಡಲಿಲ್ಲ. ಮೇಜಿನ ಹತ್ತಿರ ಹಿಂದಿರುಗಿ, ಮತ್ತೆ ತುಂಬಿಕೊಂಡು, ಮೊದಲಿಂದ ಹೊರಟಳು. ಮತ್ತೆ ಚೆಲ್ಲಿತು. ಮತ್ತೆ ಬಂದಳು. ಮೂರನೇ ಸಲ ಹೊಸ್ತಿಲ ಹತ್ತಿರ ಒಂದು ಹನಿ ಬಿತ್ತು, ಅದಕ್ಕೂ ಹಿಂದಿರುಗಿದಳು. ನಾಲ್ಕನೇ ಸಲ ಒಂದು ಹನಿಯೂ ಚೆಲ್ಲಲಿಲ್ಲ. ಬಾಗಿಲು ಮುಟ್ಟಿ, ಲೋಟ ಕೆಳಗಿಟ್ಟು, ‘ಮಿಸ್ ಹತ್ರ ಹೋಗ್ಲಾ’ ಅಂದಳು.

ನಾನು ಹೇಳಿದೆ, ‘ಈ ಕೂಸು ಬರೆಯೋದು ಹನ್ನೊಂದೋ ಹನ್ನೆರಡೋ ಅಕ್ಷರ ಇರಬಹುದು. ಯಾರೂ ಹೇಳದೆ ಮೂರು ಸಲ ವಾಪಸು ಬಂತು. ನಿಮ್ಮಲ್ಲಿ ಯಾರ ಮಗು ಹೀಗೆ ಬರುತ್ತೆ, ಕೈ ಎತ್ತಿ.’ ಯಾರೂ ಎತ್ತಲಿಲ್ಲ. ಹಿಂದೆ ಕೂತಿದ್ದ ಒಬ್ಬ ಅಪ್ಪ, ‘ನಾನೇ ಬರಲ್ಲ ಕಣ್ರೀ, ಇನ್ನು ನನ್ನ ಮಗ’ ಅಂದ. ಸೆಕ್ರೆಟರಿ, ‘ನೀವು ಯಾರ ಕಡೆಯವರು’ ಎಂದು ಕೇಳಿದರು. ಭವ್ಯಾ ಮಿಸ್ಸಿನ ತಾಯಿ ಎಂದೆ. ಆ ಮಾತು ನಾಲ್ಕು ಜನರ ಮುಂದೆ ಹೇಳಿ ಎಷ್ಟು ವರ್ಷವಾಗಿತ್ತೋ.

ಈಗ ನಿನ್ನ ಕಾಗದಕ್ಕೆ ಉತ್ತರ.

ನಿನ್ನ ನೆನಪು ಸುಳ್ಳಲ್ಲ. ಸೀರೆ ಹಸಿರೇ. ಅಂಗನವಾಡಿ ಹೊಸದು, ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮೊದಲ ಸಲ ಸೂಪರ್‌ವೈಜರ್ ಬಂದಾಗ ನೀನು ಉಪ್ಪಿಟ್ಟಿನ ಪಾತ್ರೆ ಮಗುಚಿದೆ. ‘ಸ್ವಂತ ಮಗುವನ್ನೇ ಹಿಡಿಯಲಾರದವಳು’ ಎಂದು ಪುಸ್ತಕದಲ್ಲಿ ಬರೆದು ಹೋದರು, ಕೆಳಗೆ ನನ್ನ ಕೈಯಲ್ಲಿ ಸಹಿ ಹಾಕಿಸಿಕೊಂಡರು. ಎರಡನೇ ಸಲ ಬಂದಾಗ ನಿನ್ನನ್ನು ಕಟ್ಟಿದ್ದೆ. ಮಕ್ಕಳು ಎಷ್ಟು ಶಿಸ್ತು ಎಂದು ಹೊಗಳಿದರು. ನಾನು ನಕ್ಕೆ, ಭವ್ಯಾ. ನಗುತ್ತಾ ಅವರಿಗೆ ಕಾಫಿ ಕೊಟ್ಟೆ.

ಈ ಆಟಗಳನ್ನು ಎಲ್ಲಿ ಕಲಿತೆ ಎಂದು ಕೇಳಬೇಡ ಎಂದಿದ್ದೆ. ಕೇಳದಿದ್ದರೂ ಹೇಳುತ್ತೇನೆ. ನಿನ್ನನ್ನು ಬೇಲೂರಿಗೆ ಬಿಟ್ಟು ಬಂದ ಮಾರನೇ ದಿನ ಮೂವತ್ತು ಮಕ್ಕಳು ಎದುರಿಗೆ ಕೂತಿದ್ದವು, ನನಗೆ ಒಂದರ ಮುಖವೂ ಕಾಣುತ್ತಿರಲಿಲ್ಲ. ಬೆಲ್ಲಿನ ತಟ್ಟೆ ಬಾರಿಸಿದೆ. ಅದರ ಶಬ್ದ ನಿಲ್ಲುವವರೆಗೆ ನೀನು ಕಿವಿಯಲ್ಲಿ ಅಳಲಿಲ್ಲ. ನಿಂತ ಕೂಡಲೇ ಶುರುವಾಯಿತು. ಮತ್ತೆ ಬಾರಿಸಿದೆ. ಹೀಗೆ ಎಷ್ಟು ಸಲವೋ. ನೋಡಿದರೆ ಮಕ್ಕಳೂ ನನ್ನ ಜೊತೆ ಕಣ್ಣು ಮುಚ್ಚಿ ಕೇಳುತ್ತಿದ್ದವು. ಆಟ ಹುಟ್ಟಿದ್ದು ಹಾಗೆ. ನಿನಗೆ ಕಲಿಸಬೇಕಾಗಿದ್ದನ್ನು ಊರವರ ಮಕ್ಕಳಿಗೆಲ್ಲ ಕಲಿಸಿದೆ. ಒಂದು ವರ್ಷದ ಹೊತ್ತಿಗೆ ನಿನ್ನನ್ನೂ ಕೂರಿಸುವುದು ನನಗೆ ಬರುತ್ತಿತ್ತು. ಆಗ ಬಂದು ಕರೆದುಕೊಂಡು ಹೋಗಬಹುದಾಗಿತ್ತು. ಅಜ್ಜಿ ಹತ್ತಿರ ಹೊಂದಿಕೊಂಡಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ನಾಚಿಕೆಯಾಗಿ ಬರಲಿಲ್ಲ. ಅದೇ ನನ್ನ ತಪ್ಪು, ಕಟ್ಟಿದ್ದಕ್ಕಿಂತ ದೊಡ್ಡದು.

ನಿನ್ನೆ ಸಭೆ ಮುಗಿದ ಮೇಲೆ ನಿನ್ನ ಕ್ಲಾಸಿನ ಕಿಟಕಿಯ ಹತ್ತಿರ ಬಂದೆ. ನೀನು ಮಕ್ಕಳ ನಡುವೆ ಚಾಪೆಯ ಮೇಲೆ ಕೂತಿದ್ದೆ. ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ, ಬಸ್‌ಸ್ಟ್ಯಾಂಡಿಗೆ ನಡೆದೆ. ತಪ್ಪೊಪ್ಪಿಗೆ ನೀನು ಬರೆಯಬೇಕಾಗಿಲ್ಲ. ನಾನು ಬರೆದಿದ್ದೇನೆ, ಇದೇ ಅದು.

ನಿನ್ನ ಅಮ್ಮ


ಹಳೇಬೀಡು
೬ ಜನವರಿ ೨೦೦೨

ಅಮ್ಮ,

ಮೊದಲು ಶಾಲೆಯ ಸುದ್ದಿ. ಸೋಮವಾರ ಸೆಕ್ರೆಟರಿ ಕರೆಸಿ, ‘ಏಪ್ರಿಲ್ ತನಕ ಇರಲಿ ಬಿಡಿ, ನೋಡೋಣ’ ಎಂದರು. ನೋಡೋಣ ಬೇಡ ಸಾರ್, ಬರೆದುಕೊಡಿ ಎಂದೆ. ‘ಎಲ್ಲಾ ಅಮ್ಮನ ಹಾಗೇ’ ಎಂದು ಗೊಣಗಿದರು. ನನ್ನನ್ನು ಯಾರೂ ಹಾಗೆ ಬೈದಿರಲಿಲ್ಲ. ಹನ್ನೊಂದು ಮನೆಯವರು ಸಹಿ ಮಾಡಿದ ಅರ್ಜಿ ಅವರ ಮೇಜಿನ ಮೇಲಿತ್ತು. ಮುದ್ದಮ್ಮನದು ಹೆಬ್ಬೆಟ್ಟು, ಎಲ್ಲಕ್ಕಿಂತ ಮೇಲೆ. ನಾಲ್ಕು ದಿನ ಬಿಟ್ಟು ಬರೆದುಕೊಟ್ಟರು. ಗಾನವಿ ಉಳಿಯುತ್ತಾಳೆ, ಜೂನಿಗೆ ಯುಕೆಜಿಗೆ ಹೋಗುತ್ತಾಳೆ. ಬೆಳಿಗ್ಗೆಯ ಹತ್ತು ನಿಮಿಷ ಟೈಮ್‌ಟೇಬಲ್ಲಿಗೆ ಸೇರಿದೆ. ಅದಕ್ಕೆ ಏನು ಹೆಸರು ಹಾಕುವುದೆಂದು ಅವರಿಗೆ ತಿಳಿಯದೆ ಜಾಗ ಖಾಲಿ ಬಿಟ್ಟಿದ್ದಾರೆ. ನಾನೂ ತುಂಬಿಲ್ಲ. ತಪ್ಪೊಪ್ಪಿಗೆಯ ಮಾತನ್ನು ಇಬ್ಬರೂ ಎತ್ತಿಲ್ಲ.

ಇನ್ನು ನಿನ್ನ ಕಾಗದ. ಮೂರು ವಾರ ಇಟ್ಟುಕೊಂಡು ಓದಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಕಟ್ಟಿದ್ದಕ್ಕೆ ಅಲ್ಲ, ಆ ಒಂದು ವರ್ಷದ ಮೇಲೆ ಬರದೇ ಇದ್ದದ್ದಕ್ಕೆ. ನೀನೇ ಬರೆದಿದ್ದೀಯಲ್ಲ, ಅದಕ್ಕೆ. ಸಭೆಯ ದಿನ ನನ್ನ ಕ್ಲಾಸಿನ ಕಿಟಕಿಯವರೆಗೆ ಬಂದು ತಿರುಗಿ ಹೋದೆ ಎಂದು ಓದಿದಾಗ ಆ ಸಿಟ್ಟು ಇನ್ನೊಂದು ಸುತ್ತು ಬಂತು. ಅಷ್ಟು ಜನರ ಎದುರು ಸೆಕ್ರೆಟರಿಯ ಕೈಗೆ ಲೋಟ ಕೊಡುವ ಹೆಂಗಸು, ಮಗಳ ಮುಂದೆ ನಿಲ್ಲಲು ಹೆದರುತ್ತಾ ಬಸ್ಸು ಹತ್ತುತ್ತಾಳಾ?

ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಇನ್ನೂ ಕ್ಷಮಿಸಿಲ್ಲ. ಆದರೆ ಇಷ್ಟು ದಿನ ಸುಮ್ಮನಿದ್ದೆನಲ್ಲ, ಅದು ಮುಗಿಯಿತು.

ಸಂಕ್ರಾಂತಿಗೆ ಮೂರು ದಿನ ರಜ. ಹಬ್ಬದ ದಿನ ನಿನ್ನ ಅಂಗನವಾಡಿಗೂ ರಜ, ಅದನ್ನು ನೋಡಿಯೇ ಆ ದಿನ ಬರುತ್ತಿದ್ದೇನೆ. ಬೆಳಗಿನ ಬಸ್ಸಿಗೆ ಬರುತ್ತೇನೆ. ಅಪ್ಪನಿಗೆ ಇಲಾಖೆ ವಿಷಯ ಎನ್ನಬೇಡ, ಮಗಳು ಬರುತ್ತಾಳೆ ಎನ್ನು. ಎಳ್ಳು ಬೀರಲು ನೀನು ಬೀದಿಯ ಮಕ್ಕಳ ಮನೆಗೆಲ್ಲ ಹೋಗುತ್ತೀಯ, ಗೊತ್ತು. ಈ ಸಲ ಹೋಗಬೇಡ. ನನಗೆ ಹೇಳಲು ಹದಿನೆಂಟು ವರ್ಷದ್ದಿದೆ, ಚೆನ್ನಾಗಿರುವುದು ಕಡಿಮೆ. ಮಧ್ಯೆ ಕಾಫಿ ಮಾಡುತ್ತೇನೆ ಎಂದು ಏಳಬಾರದು. ಬೇರೆ ಯಾವ ಮಗುವಿನ ಮಾತೂ ತೆಗೆಯಬಾರದು, ಗಾನವಿಯದೂ ಬೇಡ. ಅವತ್ತು ನಿನ್ನ ಗಮನವೆಲ್ಲ ನನಗೆ ಬೇಕು.

ಭವ್ಯಾ